ಬಾವಿಯಿಲ್ಲದ ವಿಶ್ವವಿದ್ಯಾಲಯಕ್ಕೆ ನಲವತ್ತೊಂದು ಮಂದಿಯ ಪರವಾಗಿ

ಇವರಿಗೆ,
ಪ್ರವೇಶಾತಿ ನಿರ್ದೇಶಕರು,
ಶಿಖರಾಗ್ರ ವಿಶ್ವವಿದ್ಯಾಲಯ,
ಘಟ್ಟದ ಮೇಲಿನ ಮಹಾನಗರ.

ಮಾನ್ಯರೇ,

ಸುಳ್ಯ ತಾಲೂಕಿನ ಮರ್ಕಂಜದ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಊರವರ ಪತ್ರಗಳಿಗೆ ಮುದ್ರೆ ಒತ್ತಿ, ಕಳೆದ ವರ್ಷ ನಿವೃತ್ತಳಾಗಿ, ಈಗ ಸ್ವಂತಕ್ಕೆ ಒಂದು ಪತ್ರ ಬರೆಯುವಷ್ಟು ಪುರುಸೊತ್ತು ಮಾಡಿಕೊಂಡಿರುವ ಲೋಲಾಕ್ಷಿ ಎಂಬ ನಾನು, ತಮಗೂ, ತಮ್ಮ ಹದಿನಾಲ್ಕು ಅಂತಸ್ತಿನ ಗಾಜಿನ ಕಟ್ಟಡಕ್ಕೂ, ಅದನ್ನು ದಿನವೂ ಒರೆಸುವ ಪುಣ್ಯಾತ್ಮರಿಗೂ, ಯಾರೂ ಕರೆಯದಿದ್ದರೂ ವಾರಕ್ಕೆ ನಾಲ್ಕು ಸಲ ಬರುವ ತಮ್ಮ ಇಮೇಲುಗಳಿಗೂ ಶಿರಬಾಗಿ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾವು ನಲವತ್ತೊಂದು ಮಂದಿಯೂ ಕ್ಷೇಮ. ತಮ್ಮ ಗೇಟಿನ ಸ್ಕ್ಯಾನರ್ ಯಂತ್ರವೂ ರಿಪೇರಿಯಾಗಿ ಕ್ಷೇಮದಿಂದಿದೆ ಎಂದು ನಂಬಿದ್ದೇನೆ. ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಮುಚ್ಚಿದ ಲಕೋಟೆಯನ್ನು ದೊಡ್ಡ ಕಚೇರಿಗಳಲ್ಲಿ ಯಾರೂ ಒಡೆಯುವುದಿಲ್ಲ, ತೆರೆದಿಟ್ಟದ್ದನ್ನು ಎಲ್ಲರೂ ಓದುತ್ತಾರೆ ಎಂಬುದು ಅಂಚೆಯವಳಾದ ನನಗೆ ಚೆನ್ನಾಗಿ ಗೊತ್ತು.

ತಮ್ಮಲ್ಲಿ ಭಾಷಾವಿಜ್ಞಾನ ಓದಲು ಅರ್ಜಿ ಹಾಕಿರುವ ಭವಿತಾ ನನ್ನ ತಂಗಿಯ ಮಗಳು. ಪುತ್ತೂರಿನಲ್ಲಿ ಪಿಯುಸಿ ಮುಗಿಸಿದ್ದಾಳೆ. ಮಾತಾಡುವುದನ್ನು ಕಲಿಯಲು ಅಷ್ಟು ದೂರ ಯಾಕೆ ಹೋಗಬೇಕು, ಈಗಲೇ ಬೇಕಾದಷ್ಟು ಮಾತಾಡುತ್ತಾಳಲ್ಲ ಎಂದು ಅವಳ ತಾಯಿಯ ತಕರಾರಿತ್ತು. ಆದರೆ ಈ ಹುಡುಗಿ ಆರನೇ ಕ್ಲಾಸಿನಿಂದಲೇ, ಒಂದೇ ಸೌಟಿಗೆ ಮನೆಯಲ್ಲಿ ಅರೆಭಾಷೆಯಲ್ಲಿ ಏನೆನ್ನುತ್ತಾರೆ, ಬಸ್ಸಿನಲ್ಲಿ ತುಳುವಿನಲ್ಲಿ ಏನೆನ್ನುತ್ತಾರೆ, ಗೆಳತಿ ಮುಫೀದಾಳ ಮನೆಯಲ್ಲಿ ಬ್ಯಾರಿಯಲ್ಲಿ ಏನೆನ್ನುತ್ತಾರೆ ಎಂದು ಬರೆದು ಬರೆದು ಒಂಬತ್ತು ನೋಟು ಪುಸ್ತಕ ತುಂಬಿಸಿದವಳು. ಇಡೀ ದೇಶಕ್ಕೆ ತಾವು ಇಟ್ಟಿರುವ ಇಪ್ಪತ್ತು ಸೀಟುಗಳಲ್ಲಿ ಒಂದಕ್ಕೆ ಅವಳ ಹೆಸರು ಬಂದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದೆವು. ಆ ಸೀಟು ಈಗ ತೂಗುಯ್ಯಾಲೆಯಲ್ಲಿದೆ, ಮತ್ತು ಅದನ್ನು ತೂಗಿದವಳು ನಾನೇ. ಹೇಗೆಂದು ವಿನಯದಿಂದ ವಿವರಿಸುತ್ತೇನೆ.

ಮೊದಲಿಗೆ ತಾವು ಕಳುಹಿಸಿದ ಮಾಹಿತಿ ಪುಸ್ತಕದ ಬಗ್ಗೆ ಒಂದು ಮಾತು. ಅರವತ್ತನಾಲ್ಕು ಪುಟ, ಕೈಯಿಂದ ಜಾರಿ ಬೀಳುವಷ್ಟು ನಯವಾದ ಕಾಗದ, ಪ್ರತಿ ಪುಟದಲ್ಲಿಯೂ ಮರದ ಕೆಳಗೆ ಕುಳಿತು ಮುಚ್ಚಿದ ಪುಸ್ತಕವನ್ನು ನೋಡಿ ನಗುತ್ತಿರುವ ಒಬ್ಬಳು ಹುಡುಗಿ. 'ನಮ್ಮನ್ನು ವಿಶಿಷ್ಟವಾಗಿಸುವುದು ಯಾವುದು' ಎಂಬ ತಲೆಬರಹದಡಿ ತಾವು ಬರೆದುದನ್ನು ನಾನು ಎರಡೆರಡು ಸಲ ಓದಿದೆ. ನಗರವೇ ತಮ್ಮ ತರಗತಿಯಂತೆ, ಆವರಣದಲ್ಲಿ ಇಪ್ಪತ್ತೆರಡು ಭಾಷೆಗಳು ಕೇಳಿಸುತ್ತವಂತೆ, ವಿದ್ಯಾರ್ಥಿಗಳು ಪರಸ್ಪರರಿಂದ ಕಲಿಯುತ್ತಾರಂತೆ, ಸೋಲನ್ನು ತಾವು ಸಂಭ್ರಮಿಸುತ್ತೀರಂತೆ, ಬೇಸರವಾದ ಮಕ್ಕಳನ್ನು ಸಮಾಧಾನಪಡಿಸಲು ತರಬೇತಿ ಪಡೆದ ನಾಯಿಯೂ ಇದೆಯಂತೆ. ಓದಿ ಮುಗಿಸಿದಾಗ ನನಗೆ ಪುತ್ತೂರಿನ ಬಸ್ ನಿಲ್ದಾಣದ ನೆನಪಾಗಿ ಕಣ್ಣು ಒದ್ದೆಯಾಯಿತು. ಅಲ್ಲಿಯೂ ನಗರವೇ ತರಗತಿ. ಒಂದೇ ಬೆಂಚಿನಲ್ಲಿ ಕುಳಿತರೆ ಐದು ಭಾಷೆ ಕಿವಿಗೆ ಬೀಳುತ್ತದೆ. ಕಡಬದ ಬಸ್ಸು ಎಷ್ಟು ಗಂಟೆಗೆ ಎಂದು ಒಬ್ಬರನ್ನು ಕೇಳಿದರೆ ಏಳು ಮಂದಿ ಏಳು ಸಮಯ ಹೇಳಿ ಪರಸ್ಪರರಿಂದ ಕಲಿಯುತ್ತಾರೆ. ಬಸ್ಸು ತಪ್ಪಿಸಿಕೊಂಡವನನ್ನು ನೋಡಿ ಸೋಲನ್ನು ಸಂಭ್ರಮಿಸುವವರಿಗಂತೂ ಕೊರತೆಯಿಲ್ಲ. ನಾಯಿಗಳು ತರಬೇತಿ ಇಲ್ಲದೆಯೇ ಸೇವೆ ಸಲ್ಲಿಸುತ್ತವೆ. ಇಷ್ಟೆಲ್ಲ ಇದ್ದೂ ಆ ನಿಲ್ದಾಣ ಇದುವರೆಗೆ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿಲ್ಲ, ಅದು ಅದರ ಸೌಜನ್ಯ.

ಆ ಬಳಿಕ ಬಂದದ್ದು ಮುಕ್ತ ದಿನದ ಆಹ್ವಾನ. ಆಯ್ಕೆಪಟ್ಟಿಯಲ್ಲಿರುವ ಮಕ್ಕಳು ಬಂದು ವಿಶ್ವವಿದ್ಯಾಲಯವನ್ನು ನೋಡಲಿ ಎಂದು ತಾವು ಮಾಡಿದ ಏರ್ಪಾಡು. 'ತಮ್ಮ ಈ ಪಯಣದ ಭಾಗವಾಗಿರುವ ಇಡೀ ಕುಟುಂಬವನ್ನೂ ಸಮುದಾಯವನ್ನೂ ಕರೆತನ್ನಿ' ಎಂದು ತಾವೇ ಸ್ವಹಸ್ತದಿಂದ ಬರೆದಿದ್ದಿರಿ. ಸ್ವಹಸ್ತ ಅಲ್ಲದಿದ್ದರೂ ಸಹಿ ತಮ್ಮದೇ. ಮಾನ್ಯರೇ, ನಮ್ಮ ಕಡೆ ಇಡೀ ಕುಟುಂಬಕ್ಕೆ ಆಮಂತ್ರಣದ ಹೇಳಿಕೆ ಬಂದ ಮೇಲೆ ಮೂರೇ ಮಂದಿ ಹೋಗುವುದೆಂದರೆ ಕರೆದವರಿಗೆ ಮಾಡುವ ಅವಮಾನ. ಮರುದಿನವೇ ಫೋನು ಬರುತ್ತದೆ, ಯಾಕೆ ಉಳಿದವರೆಲ್ಲ ಬರಲಿಲ್ಲ, ನಮ್ಮಿಂದ ಏನಾದರೂ ತಪ್ಪಾಯಿತಾ ಎಂದು. ತಮಗೆ ಅಂಥ ನೋವು ಕೊಡಲು ನನಗೆ ಮನಸ್ಸಾಗಲಿಲ್ಲ. ಭವಿತಾ ಮಾತ್ರ ಆಗಲೇ ಹೇಳಿದ್ದಳು: "ದೊಡ್ಡಮ್ಮ, ನಾವು ಮೂರೇ ಜನ ಹೋಗುವ. ಅವರು ಸುಮ್ಮನೆ ಹಾಗೆ ಬರೆಯುದು." ಬರೆದದ್ದನ್ನು ಸುಮ್ಮನೆ ಬರೆದದ್ದೆಂದು ತಿಳಿಯುವ ವಿದ್ಯೆ ಮೂವತ್ತೆರಡು ವರ್ಷ ಅಂಚೆಯಲ್ಲಿದ್ದ ನನಗೆ ಬರಲಿಲ್ಲ. ನಾನು ಪುತ್ತೂರಿನಿಂದ ಟೂರಿಸ್ಟ್ ಬಸ್ಸು ಗೊತ್ತು ಮಾಡಿದೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಹುಡುಗಿಯನ್ನು ಒಂದು ಕಡೆಗೆ ಕಳುಹಿಸಿಕೊಡುವ ಮೊದಲು ಆ ಮನೆಯನ್ನು ನೋಡಿ ಬರುವುದು ನಮ್ಮ ಕ್ರಮ. ಮದುವೆಯ ಮಾತಾದರೆ ಗಂಡಿನ ಮನೆಗೆ ಹೋಗಿ ಬಾವಿಯಲ್ಲಿ ನೀರೆಷ್ಟಿದೆ, ಅಡುಗೆಮನೆಯಲ್ಲಿ ಹೊಗೆ ಹೇಗೆ ಹೋಗುತ್ತದೆ, ನಾಯಿ ಹೇಗೆ ಬೊಗಳುತ್ತದೆ, ಕೆಲಸದವರ ಹತ್ತಿರ ಮನೆಯವರು ಹೇಗೆ ಮಾತಾಡುತ್ತಾರೆ ಎಂದು ನೋಡಿಕೊಂಡು, ಬರುವಾಗ ನೆರೆಮನೆಯಲ್ಲಿ ಒಂದು ಮಾತು ವಿಚಾರಿಸಿಕೊಂಡು ಬರುತ್ತೇವೆ. ನಾಲ್ಕು ವರ್ಷ ಹುಡುಗಿಯನ್ನು ಇಟ್ಟುಕೊಳ್ಳುತ್ತೇವೆಂದು ಹೇಳುವ ವಿಶ್ವವಿದ್ಯಾಲಯಕ್ಕೆ ಬೇರೆ ನಿಯಮ ಯಾಕೆಂದು ನಮಗೆ ಹೊಳೆಯಲಿಲ್ಲ. ಈ ಕೆಲಸದಲ್ಲಿ ಪಳಗಿದ ನಮ್ಮ ನೆರೆಮನೆಯ ಮಾಯಿಲಪ್ಪಣ್ಣನವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಗೆದ ಪಂಚೆ ಉಟ್ಟು ಮುಂದಾಳುತನ ವಹಿಸಿದರು. ಇದುವರೆಗೆ ನೂರ ಹದಿನೆಂಟು ಮನೆ ನೋಡಿದವರು ಅವರು. ಅವರು ಒಪ್ಪಿದ ಮನೆಯಿಂದ ಒಬ್ಬ ಹುಡುಗಿಯೂ ವಾಪಸು ಬಂದದ್ದಿಲ್ಲ. ಪುತ್ತೂರಿನ ಅಡಿಕೆ ವ್ಯಾಪಾರಿ, ಮುಫೀದಾಳ ಅಜ್ಜ ಪೋಕರ್ ಬ್ಯಾರಿಯವರೂ ಬಂದರು, ಏಕೆಂದರೆ ಒಂಬತ್ತು ನೋಟು ಪುಸ್ತಕಗಳಲ್ಲಿ ಮೂರು ತುಂಬುವಷ್ಟು ಪದ ಹೇಳಿಕೊಟ್ಟವರು ಅವರೇ. ಉಳಿದವರು ಅವರವರ ಕಾರಣಕ್ಕೆ ಬಂದರು. ಬೆಳಿಗ್ಗೆ ಗುಂಡ್ಯದಲ್ಲಿ ಚಾ ಕುಡಿದು ಘಟ್ಟ ಹತ್ತುವಾಗ ಬಸ್ಸಿನಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ, ಒಂದನ್ನು ಹಲಸಿನ ಹಣ್ಣಿಗೆ ಬಿಟ್ಟುಕೊಟ್ಟಿದ್ದೆವು.

ಹೊಸ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಹೇಳಿ. ಮೇ ತಿಂಗಳು, ಹಲಸಿನ ಕಾಲ, ಇಪ್ಪತ್ತೆರಡು ಕಿಲೋದ, ಗಟ್ಟಿ ತೊಳೆಯ ಬರಿಕ್ಕೆ ಹಣ್ಣು ತಮಗೆಂದೇ ಆರಿಸಿ ಇಟ್ಟದ್ದು. ಅದನ್ನು ಯಂತ್ರದೊಳಗೆ ಹಾಕಲೇಬೇಕೆಂದು ಹಟ ಹಿಡಿದವರು ತಮ್ಮ ಗೇಟಿನವರು, ನಾವಲ್ಲ. ಹಣ್ಣು ಅರ್ಧ ಒಳಗೆ ಹೋಗಿ ನಿಂತಿತು. ಹಿಂದಿನಿಂದ ಮಾಯಿಲಪ್ಪಣ್ಣ ದೂಡಿದರು, ಮುಂದಿನಿಂದ ಗೇಟಿನವರು ಎಳೆದರು, ಪರದೆಯಲ್ಲಿ ನೂರಾರು ಮೊಟ್ಟೆಯಾಕಾರದ ಅನುಮಾನಾಸ್ಪದ ವಸ್ತುಗಳು ಕಾಣಿಸಿದುದರಿಂದ ಮೇಲಿನವರಿಗೆ ಫೋನು ಹೋಯಿತು, ಮೇಲಿನವರು ತಮ್ಮ ಮೇಲಿನವರನ್ನು ಕರೆದರು, ಕೊನೆಗೆ ಸೂಟು ಹಾಕಿದ ಐದು ಮಂದಿ ನಿಂತು ಹಲಸಿನ ಬೀಜಗಳನ್ನು ಪರಿಶೀಲಿಸಿದರು. ಅಷ್ಟರಲ್ಲಿ ಹಣ್ಣು ಬಿರಿದು ಮೇಣ ಬೆಲ್ಟಿಗೆ ಹಿಡಿಯಿತು. ಹಲಸು ಹಿಡಿದು ಹೊರಟವರು ಮೇಣದ ಅಂಟು ಬಿಡಿಸುವ ತೆಂಗಿನೆಣ್ಣೆ ಮರೆಯುವುದಿಲ್ಲವಾದ್ದರಿಂದ ನನ್ನ ಚೀಲದಲ್ಲಿದ್ದ ಬಾಟಲಿಯಿಂದ ಯಂತ್ರಕ್ಕೆ ಎಣ್ಣೆ ಹಚ್ಚಲಾಯಿತು. ಆ ಬಳಿಕ ಆ ಯಂತ್ರದಲ್ಲಿ ಯಾರ ಚೀಲವೂ ನಿಲ್ಲದೆ, ಇನ್ನೊಂದು ಬದಿಯಿಂದ ಹಾರಿ ಬೀಳುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಪರಿಮಳ ಮಾತ್ರ ತಮ್ಮ ಸ್ವಾಗತ ಕೊಠಡಿಗೆ ಅಲ್ಲಿಯವರೆಗೆ ಇಲ್ಲದ ವೈಶಿಷ್ಟ್ಯವನ್ನು ತಂದುಕೊಟ್ಟಿತು.

ಒಳಗೆ ನಮ್ಮನ್ನು ಕರೆದುಕೊಂಡು ಹೋದವಳು ಯಶಸ್ವಿ ಎಂಬ ಎರಡನೇ ವರ್ಷದ ವಿದ್ಯಾರ್ಥಿನಿ. ಬೆನ್ನು ಮುಂದೆ ಮಾಡಿ ಹಿಂದಕ್ಕೆ ನಡೆಯುತ್ತಲೇ ವಿವರಿಸುವ ಅಪೂರ್ವ ವಿದ್ಯೆಯನ್ನು ತಾವು ಆ ಮಗುವಿಗೆ ಕಲಿಸಿದ್ದೀರಿ. ಅವಳು ವಿಶ್ವದ ಶ್ರೇಯಾಂಕ ಹೇಳುತ್ತಿದ್ದಾಗ ಮಾಯಿಲಪ್ಪಣ್ಣ ಬಹಳ ಗೌರವದಿಂದ, "ಅದೆಲ್ಲ ಸರಿ ಮಗಾ, ಬಾವಿ ಎಲ್ಲಿ ಉಂಟು?" ಎಂದು ಕೇಳಿದರು. ಅವಳು ಸರೋವರ ತೋರಿಸಿದಳು. ಮಾಯಿಲಪ್ಪಣ್ಣ ಪಂಚೆ ಎತ್ತಿ ಇಳಿದು ನೋಡಿದರು, ಮೊಣಕಾಲಿನವರೆಗೆ ಇತ್ತು, ತಳದಲ್ಲಿ ನೀಲಿ ಟೈಲ್ಸ್ ಇತ್ತು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆಂದು ಆಮೇಲೆ ತಿಳಿಯಿತು. ವಿಶ್ವದ ಮೊದಲ ಇನ್ನೂರರಲ್ಲಿ ಸ್ಥಾನ ಪಡೆದ ಮನೆ, ಬಾವಿ ಮಾತ್ರ ಇಲ್ಲ. ಸಮಾಧಾನದ ನಾಯಿಯೂ ಓಡಿ ಬಂದು ನಲವತ್ತೊಂದು ಮಂದಿಗೂ ಬಾಲ ಅಲ್ಲಾಡಿಸಿತು. ಗುರುತು ಪರಿಚಯ ಇಲ್ಲದವರಿಗೆಲ್ಲ ಬಾಲ ಅಲ್ಲಾಡಿಸುವ ನಾಯಿ ಮನೆ ಕಾಯುವುದು ಹೇಗೆ ಎಂದು ಮಾಯಿಲಪ್ಪಣ್ಣ ಚಿಂತೆಗೆ ಬಿದ್ದರು.

ನಾನು ಅಡುಗೆಮನೆ ನೋಡಲು ಹೋದೆ. 'ಪ್ರವೇಶವಿಲ್ಲ' ಎಂದು ಬರೆದಿತ್ತು, ಆದರೆ ಒಳಗಿನಿಂದ ಯಾರೋ ತುಳುವಿನಲ್ಲಿ ಗದರುವುದು ಕೇಳಿಸಿತು, ಮತ್ತೆ ನನ್ನನ್ನು ತಡೆಯುವವರು ಯಾರು. ಗದರುತ್ತಿದ್ದವರು ತಮ್ಮ ಮುಖ್ಯ ಬಾಣಸಿಗ ಉದಯ, ಕಡಬದವರು. ತಮ್ಮ ಭೋಜನಶಾಲೆಯಲ್ಲಿ ಎಂಟು ದೇಶಗಳ ಊಟ ಸಿಗುತ್ತದೆ, ಗಂಜಿ ಸಿಗುವುದಿಲ್ಲ. ಅದು ಹಿಂದಿನ ಬಾಗಿಲಿನಲ್ಲಿ ಕೆಲಸದವರಿಗೆ ಮಾತ್ರ ಎಂಬ ಗುಟ್ಟನ್ನು ಅವರು ಹೇಳಿದರು. ನೆರೆಮನೆಯವರನ್ನು ವಿಚಾರಿಸುವ ಕ್ರಮದಂತೆ, ಮಕ್ಕಳು ಹೇಗೆ ಎಂದು ಕೇಳಿದೆ. "ಮಕ್ಕಳು ಒಳ್ಳೆಯವರೇ ಅಕ್ಕ," ಎಂದರು ಅವರು. "ಆದ್ರೆ ಎಲ್ಲ ಒಬ್ಬೊಬ್ಬರೇ ಕೂತು, ಫೋನು ನೋಡಿಕೊಂಡು ಊಟ ಮಾಡುದು. ಒಂದೊಂದು ಮಗು ಬಡಿಸಿದ್ದನ್ನು ಹಾಗೇ ಇಟ್ಟು ಹೋಗ್ತದೆ." ಮಾನ್ಯರೇ, ತಮ್ಮ ಅರವತ್ತನಾಲ್ಕು ಪುಟಗಳಲ್ಲಿ ಈ ಮಾತು ಇರಲಿಲ್ಲ. ನನಗೆ ಅಲ್ಲಿಂದಲೇ ಹುಡುಗಿಯನ್ನು ಬಸ್ಸು ಹತ್ತಿಸಿ ವಾಪಸು ಕರೆದುಕೊಂಡು ಹೋಗೋಣ ಎನ್ನಿಸಿತು.

ಹಾಗೆ ಮಾಡದೆ ಇರಲು ಕಾರಣ ತಮ್ಮ ಭಾಷಾವಿಜ್ಞಾನದ ಅಧ್ಯಾಪಕಿ. ಸಭಾಂಗಣದಲ್ಲಿ ಭಾಷಣ ಮಾಡಬೇಕಿದ್ದ ಅವರು ಬಾಗಿಲಲ್ಲಿ ಪೋಕರ್ ಬ್ಯಾರಿಯವರು ಫೋನಿನಲ್ಲಿ ಮನೆಯವರಿಗೆ ಬೈಯುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟರು. ಆ ಪದಕ್ಕೆ ಏನರ್ಥ, ಅದನ್ನು ಹೆಂಗಸರೂ ಹೇಳುತ್ತಾರಾ, ಕಾಸರಗೋಡಿನ ಕಡೆ ಬೇರೆಯಾ ಎಂದು ಕೇಳುತ್ತ ಮೆಟ್ಟಿಲ ಮೇಲೆ ಕುಳಿತು ಬರೆದುಕೊಳ್ಳತೊಡಗಿದರು. ಭಾಷಣ ಮರೆತೇ ಹೋಯಿತು. ಬೈಗುಳದಿಂದ ಸೌಟಿನವರೆಗೆ ಪೋಕರ್ ಬ್ಯಾರಿ ಹೇಳಿದ್ದನ್ನು ಭವಿತಾ ಅರೆಭಾಷೆಯಲ್ಲಿ ಹೇಳಿದಳು, ನಮ್ಮ ಬಸ್ಸಿನ ಹಿಂದಿನ ಸಾಲಿನವರು ತುಳುವಿನಲ್ಲಿ ಸೇರಿಸಿದರು, ಮುಕ್ಕಾಲು ಗಂಟೆ ಆ ಮೆಟ್ಟಿಲು ಬಿಟ್ಟು ಯಾರೂ ಏಳಲಿಲ್ಲ. ತನ್ನ ಮನೆಯ ಸೌಟಿನ ಹೆಸರು ಒಬ್ಬ ದೊಡ್ಡ ವಿದ್ವಾಂಸೆಯ ಪುಸ್ತಕಕ್ಕೆ ಹೋಗುವುದನ್ನು ನೋಡುತ್ತಿದ್ದ ಭವಿತಾಳ ಮುಖವನ್ನು ನಾನು ನೋಡಿದೆ. ಅಂಥ ಮುಖವನ್ನು ನಾನು ಅವಳಲ್ಲಿ ಹಿಂದೆ ಕಂಡಿರಲಿಲ್ಲ. ಇವಳು ಇಲ್ಲಿಗೇ ಬರಬೇಕಾದವಳು ಎಂದು ಆಗ ನನಗೆ ಖಾತ್ರಿಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾಯಿಲಪ್ಪಣ್ಣ ತೀರ್ಪು ಕೊಟ್ಟರು: "ಬಾವಿ ಇಲ್ಲ, ನಾಯಿ ದಂಡಕ್ಕೆ. ಆದ್ರೆ ಆ ಟೀಚರಮ್ಮ ಒಬ್ರು ಸಾಕು. ಕೊಡ್ಲಿಕ್ಕೆ ಅಡ್ಡಿಲ್ಲ." ನಲವತ್ತೊಂದು ಮಂದಿಯೂ ಒಪ್ಪಿದೆವು. ಹೀಗೆ ತಮ್ಮ ವಿಶ್ವವಿದ್ಯಾಲಯವು ಮಾಯಿಲಪ್ಪಣ್ಣನವರ ಪಟ್ಟಿಯಲ್ಲಿ ನೂರ ಹತ್ತೊಂಬತ್ತನೆಯ ಮನೆಯಾಗಿ, ಬಾವಿಯಿಲ್ಲದೆಯೂ ಉತ್ತೀರ್ಣವಾದ ಮೊದಲನೆಯದಾಗಿ ದಾಖಲಾಗಿದೆ. ಈ ಶ್ರೇಯಾಂಕವನ್ನು ತಾವು ಮುಂದಿನ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು, ನಮ್ಮ ಆಕ್ಷೇಪವಿಲ್ಲ.

ನಾವು ತಮ್ಮನ್ನು ಪಾಸು ಮಾಡಿದ ಮೂರನೆಯ ದಿನ ತಾವು ನಮ್ಮನ್ನು ಫೇಲು ಮಾಡಿದಿರಿ. ಭವಿತಾಳಿಗೆ ಬಂದ ಪತ್ರದಲ್ಲಿ, ಅಭ್ಯರ್ಥಿಯ ಸ್ವಾವಲಂಬನೆಯ ಬಗ್ಗೆ ಸಮಿತಿಗೆ ಕೆಲವು ಪ್ರಶ್ನೆಗಳಿವೆ ಎಂದೂ, ತನ್ನ ಸಮುದಾಯದ ನೆರವಿಲ್ಲದೆ ಒಬ್ಬ ವ್ಯಕ್ತಿಯಾಗಿ ಇಲ್ಲಿ ಹೇಗೆ ಅರಳುವಳೆಂಬುದನ್ನು ಮುನ್ನೂರು ಪದಗಳಲ್ಲಿ ಶುಕ್ರವಾರ ಸಂಜೆ ಐದರೊಳಗೆ ತಿಳಿಸಬೇಕೆಂದೂ, ಅಲ್ಲಿಯವರೆಗೆ ಸೀಟನ್ನು ತಡೆಹಿಡಿಯಲಾಗಿದೆ ಎಂದೂ ಬರೆದಿದ್ದಿರಿ. ಸಮುದಾಯವನ್ನು ಕರೆತನ್ನಿ ಎಂದವರೂ ತಾವೇ, ಸಮುದಾಯ ಯಾಕೆ ಬಂತು ಎಂದವರೂ ತಾವೇ. ಇಷ್ಟು ಸಮತೋಲನದ ಮನಸ್ಸು ಎಲ್ಲ ಸಂಸ್ಥೆಗಳಿಗೂ ಸಿದ್ಧಿಸುವುದಿಲ್ಲ, ಇದೂ ತಮ್ಮ ವೈಶಿಷ್ಟ್ಯವೇ ಇರಬೇಕು.

ಆ ಪತ್ರ ಬಂದಂದಿನಿಂದ ಭವಿತಾ ನನ್ನಲ್ಲಿ ಮಾತಾಡಿಲ್ಲ. ಐದು ಭಾಷೆ ಬಲ್ಲ ಹುಡುಗಿ ಐದರಲ್ಲಿಯೂ ಸುಮ್ಮನಿದ್ದಾಳೆ. ಬಸ್ಸು ಗೊತ್ತು ಮಾಡಿದವಳು ನಾನು, ಹಲಸು ಆರಿಸಿದವಳು ನಾನು, ಮೂರೇ ಜನ ಹೋಗುವ ಎಂದು ಅವಳು ಹೇಳಿದಾಗ ನಕ್ಕವಳೂ ನಾನು. ಅವಳಿಗಿದ್ದ ಒಂದೇ ಆಸೆಯನ್ನು ನನ್ನ ಕೈಯಾರೆ ಕೆಡಿಸಿದೆನೋ ಎಂಬ ಸಂಕಟದಲ್ಲಿ ಎರಡು ದಿನದಿಂದ ನನಗೆ ಅನ್ನ ಸೇರುವುದಿಲ್ಲ. ಶಿಕ್ಷೆ ಕೊಡಬೇಕೆಂದಿದ್ದರೆ ನನಗೆ ಕೊಡಿ, ಅವಳ ಸೀಟು ಅವಳಿಗೆ ಕೊಡಿ.

ಇಷ್ಟು ಹೇಳಿದ ಮೇಲೆ ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ಸಲ್ಲಿಸಲು ಅಪ್ಪಣೆಯಾಗಬೇಕು. ಸರೋವರದ ಟೈಲ್ಸ್ ಕಿತ್ತು ಅಲ್ಲೇ ಒಂದು ಬಾವಿ ತೋಡಿಸಬೇಕು, ನೀರಿನ ಸೆಲೆ ನೋಡಲು ಮಾಯಿಲಪ್ಪಣ್ಣ ಬರುತ್ತಾರೆ. ಸ್ಕ್ಯಾನರಿನ ಬಾಯಿಯನ್ನು ನಡು ಗಾತ್ರದ ಹಲಸಿಗೆ ಸಾಲುವಷ್ಟಾದರೂ ಅಗಲ ಮಾಡಿಸಬೇಕು. ನಾಯಿಗೆ ವಾರಕ್ಕೊಮ್ಮೆಯಾದರೂ ಬೊಗಳುವ ತರಬೇತಿ ಕೊಡಿಸಬೇಕು, ಯಶಸ್ವಿಗೆ ಮುಂದಕ್ಕೆ ನಡೆಯಲು ಅವಕಾಶ ಕೊಡಬೇಕು. ಅರ್ಜಿಯಲ್ಲಿ ಪೋಷಕರ ಹೆಸರಿಗೆಂದು ಇಟ್ಟ ಎರಡು ಗೆರೆಗಳನ್ನು ನಲವತ್ತಕ್ಕೆ ಏರಿಸಬೇಕು. ಇದಾವುದೂ ಆಗದಿದ್ದರೆ ಇಡೀ ವಿಶ್ವವಿದ್ಯಾಲಯವನ್ನು ಪುತ್ತೂರು ಬಸ್ ನಿಲ್ದಾಣದ ಪಕ್ಕಕ್ಕೆ ಸ್ಥಳಾಂತರಿಸಿದರೂ ಆದೀತು, ಅರ್ಧ ವೈಶಿಷ್ಟ್ಯಗಳು ಅಲ್ಲಿ ಮೊದಲೇ ತಯಾರಿವೆ. ಕೊನೆಯದಾಗಿ, ತಾವು ಅವಳಿಗೆ ಕೇಳಿದಂತೆಯೇ ನಾನೂ ತಮಗೊಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ದಿನ ನಲವತ್ತು ಮಂದಿಯ ನಡುವೆ ಬೆಳೆದ ಹುಡುಗಿಯನ್ನು, ಆ ನಲವತ್ತು ಮಂದಿಯ ನೆರವಿಲ್ಲದೆ, ಒಂದು ಸಂಸ್ಥೆಯಾಗಿ ತಾವು ಹೇಗೆ ನೋಡಿಕೊಳ್ಳುವಿರಿ ಎಂಬುದನ್ನು ಮುನ್ನೂರು ಪದಗಳಲ್ಲಿ ತಿಳಿಸಬೇಕು. ನಾವು ಉದಾರಿಗಳಾದ್ದರಿಂದ ತಮಗೆ ಸೋಮವಾರದವರೆಗೆ ಸಮಯವಿದೆ.

ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡಿದ್ದಕ್ಕೆ ಕ್ಷಮೆ ಕೋರುತ್ತ, ತಮ್ಮ ಕಟ್ಟಡದ ಗಾಜುಗಳಿಗೆ ಆಯುರಾರೋಗ್ಯವನ್ನು ಹಾರೈಸುತ್ತ,

ತಮ್ಮ ವಿಶ್ವಾಸಿ,
ಲೋಲಾಕ್ಷಿ
ನಿವೃತ್ತ ಶಾಖಾ ಅಂಚೆಪಾಲಕಿ, ಮರ್ಕಂಜ
ಗುರುವಾರ

ಮರೆತ ಮಾತು: ಈ ಪತ್ರ ಅಂಚೆಗೆ ಬೀಳುವ ಮೊದಲೇ ಶನಿವಾರವಾಯಿತು, ಅಷ್ಟರಲ್ಲಿ ತಮ್ಮ ಉತ್ತರವೂ ಬಂತು. ಸೀಟು ಖಾಯಂ ಆಗಿದೆ. ತಮಗೆ ಮುನ್ನೂರು ಪದ ಬೇಕಿತ್ತು, ಭವಿತಾ ಬರೆದದ್ದು ಒಂದೇ ಸಾಲು ಎಂದು ನನಗೆ ನಿನ್ನೆ ಸಂಜೆ ತಿಳಿಯಿತು. ಅವಳೇ ಬಂದು ನನ್ನ ಮುಂದೆ ಫೋನು ಹಿಡಿದಳು: 'ಅವರೆಲ್ಲ ಬಂದದ್ದು ನನ್ನನ್ನು ಕಳುಹಿಸಿಕೊಡಲಿಕ್ಕೆ, ಉಳಿಸಿಕೊಳ್ಳಲಿಕ್ಕೆ ಅಲ್ಲ.' ಓದಿ ನಾನು ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು, ಸೇರುವ ದಿನ ಯಾರೂ ಬರುವುದು ಬೇಡ, ನಾನೊಬ್ಬಳೇ ಹೋಗುದು ಎಂದು. ಈ ಸಲ ನಾನು ನಗಲಿಲ್ಲ, ಆಯಿತು ಎಂದೆ.

ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಹೊಡೆದುಹಾಕಿ ಇದೊಂದನ್ನು ಇಟ್ಟುಕೊಳ್ಳಿ. ನಮ್ಮಲ್ಲಿ ಊಟ ಆಯಿತಾ ಎಂದು ಯಾರಾದರೂ ಕೇಳಿದರೆ ಮೊದಲನೆಯ ಸಲ ಹೂಂ ಎನ್ನುವುದೇ ಮರ್ಯಾದೆ. ಹೊಟ್ಟೆ ಹಸಿದಿರುವುದು ಎರಡನೆಯ ಸಲ ಕೇಳಿದಾಗಲೇ ಗೊತ್ತಾಗುವುದು. ತಮ್ಮಲ್ಲಿ ಎಲ್ಲವನ್ನೂ ಒಂದೇ ಸಲ ಕೇಳಿ, ಉತ್ತರದ ಎದುರು ಗುರುತು ಹಾಕಿ ಮುಂದೆ ಹೋಗುವ ಪದ್ಧತಿ ಇದ್ದಂತಿದೆ. ದಯವಿಟ್ಟು ಅವಳನ್ನು ಎರಡು ಸಲ ಕೇಳಿ. ಅಷ್ಟು ದೊಡ್ಡ ಊರಿನಲ್ಲಿ ಎರಡನೆಯ ಸಲ ಕೇಳುವವರು ಯಾರೂ ಸಿಗದಿದ್ದರೆ ಒಂದು ಕಾರ್ಡು ಹಾಕಿ, ನಾವು ನಲವತ್ತು ಮಂದಿ ಬಂದು ಕೇಳಿ ಹೋಗುತ್ತೇವೆ.